ಬಿಡಬೇಕು ಅನ್ನುವವರ ಸಭೆ

ಕಾಂಪೌಂಡ್ ಗೋಡೆಯ ಆಚೆ ಈಚೆ ನಿಂತು ನಮ್ಮ ಬೀದಿಯ ಹೆಂಗಸರು ಮಾತಾಡದ ಕಾಯಿಲೆ ಇಲ್ಲ. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು, ಥೈರಾಯ್ಡ್, ಗರ್ಭಕೋಶದ ಗೆಡ್ಡೆ, ಮಾವನವರ ಪ್ರಾಸ್ಟೇಟ್ ಆಪರೇಷನ್ನು, ಎಲ್ಲವೂ ಕರಿಬೇವಿನ ಎಸಳಿನ ಜೊತೆ ಗೋಡೆ ದಾಟುತ್ತವೆ. ಯಾವ ಡಾಕ್ಟರ ಕೈಗುಣ ಚೆನ್ನಾಗಿದೆ, ಫೀಸು ಎಷ್ಟು, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋದರೆ ಟೋಕನ್ ಸಿಗುತ್ತದೆ ಅನ್ನುವುದೂ ಸೇರಿ. ಕುಡಿತ ಒಂದು ಮಾತ್ರ ಹಾಗೆ ದಾಟುವುದಿಲ್ಲ. ಬಂದರೂ ಬೇರೆ ಹೆಸರು ಹಾಕಿಕೊಂಡು ಬರುತ್ತದೆ. "ಗ್ಯಾಸ್ಟ್ರಿಕ್ ಜಾಸ್ತಿಯಾಗಿದೆ", "ಜಾಂಡೀಸ್ ಮತ್ತೆ ಬಂತು", "ಆಫೀಸಲ್ಲಿ ಟೆನ್ಷನ್ನು, ಅದಕ್ಕೇ ಮಲಗಿದಾರೆ". ರಾತ್ರಿ ಹನ್ನೊಂದಕ್ಕೆ ಪಾತ್ರೆ ಎಸೆದ ಸದ್ದು ಪಕ್ಕದವರಿಗೂ ಕೇಳಿರುತ್ತದೆ. ಬೆಳಿಗ್ಗೆ ರಂಗೋಲಿ ಹಾಕುವಾಗ ಇಬ್ಬರೂ ಮಳೆಯ ವಿಷಯ ಮಾತಾಡುತ್ತಾರೆ.

ಹೋದ ತಿಂಗಳು ಪಕ್ಕದ ಮನೆಯ ಅಕ್ಕ ನೇರವಾಗಿ ಕೇಳಿಬಿಟ್ಟರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಮ್ಮ. ನಿಮ್ಮಣ್ಣ ಭಾನುವಾರ ಸಂಜೆ ಯಾವುದೋ ಮೀಟಿಂಗಿಗೆ ಹೋಗ್ತಾರಂತಲ್ಲ, ಅಲ್ಲಿ ಏನು ಕೊಡ್ತಾರೆ?"

ಅಲ್ಲಿ ಏನೂ ಕೊಡುವುದಿಲ್ಲ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಯಂತ್ರ ತಾಯಿತ ಇಲ್ಲ, ದೇವರ ಮುಂದೆ ಆಣೆ ಪ್ರಮಾಣವೂ ಇಲ್ಲ. ಒಂದು ಲೋಟ ಟೀ, ಎರಡು ಬಿಸ್ಕತ್ತು. ಒಂದೂವರೆ ಗಂಟೆ ಹೊತ್ತು ಒಬ್ಬರು ಮಾತಾಡುತ್ತಾರೆ, ಮಿಕ್ಕವರು ಕೇಳುತ್ತಾರೆ. ಇಷ್ಟೇ ಅಂದಾಗ ಅಕ್ಕನ ಮುಖ ಸಣ್ಣದಾಯಿತು. ಮಗನ ಕುಡಿತ ಬಿಡಿಸಲು ಒಡವೆ ಅಡವಿಟ್ಟವರು ಅವರು. ಟೀ ಬಿಸ್ಕತ್ತಿನ ಸಭೆಯನ್ನು ನಂಬು ಅಂದರೆ ಹೇಗೆ ನಂಬಿಯಾರು? ಅವತ್ತು ಅವರಿಗೆ ಹೇಳಿದ್ದನ್ನೂ, ಹಾಲು ಉಕ್ಕುತ್ತೆ ಅಂತ ಅವರು ಒಳಗೆ ಓಡಿದ್ದರಿಂದ ಹೇಳದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಅಣ್ಣನನ್ನು ಕೇಳಿಯೇ ಬರೆಯುತ್ತಿದ್ದೇನೆ. "ನನ್ನ ವಿಷಯ ಎಷ್ಟು ಬೇಕಾದರೂ ಹೇಳು. ಅಲ್ಲಿಗೆ ಬರುವ ಬೇರೆಯವರ ಗುರುತು ಸಿಗುವ ಹಾಗೆ ಒಂದಕ್ಷರ ಬರೆಯಬೇಡ" ಅಂದಿದ್ದಾನೆ.

ಅಕ್ಕನಿಗೆ ನಾನು ಮೊದಲು ಹೇಳಿದ್ದು ಡಾಕ್ಟರ ವಿಷಯ. ಅವರ ದೊಡ್ಡ ಮಗನಿಗೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಒಳಗೆ ಬೀಳದಿದ್ದರೆ ಕೈ ನಡುಗುತ್ತದೆ, ಕಾಫಿ ಲೋಟ ಹಿಡಿಯಲಾಗುವುದಿಲ್ಲ. ಹಾಗಿರುವವರು ಯಾರದೋ ಮಾತಿಗೆ ರೋಷ ಬಂದು "ಇವತ್ತಿಂದ ಮುಟ್ಟಲ್ಲ" ಅಂತ ಮನೆಯಲ್ಲಿ ಕೂತರೆ ಅಪಾಯ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ. ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ, ಮನೆಯವರ ಗುರುತು ಹಿಡಿಯುವುದಿಲ್ಲ, ಹಗಲು ರಾತ್ರಿ ತಿಳಿಯುವುದಿಲ್ಲ, ಮೈಯೆಲ್ಲ ಬೆವರು. ಡಿಲಿರಿಯಂ ಟ್ರೆಮೆನ್ಸ್ ಅಂತ ಡಾಕ್ಟರು ಹೇಳುವುದು ಇದನ್ನೇ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು ಬರಬಹುದು. ನಮ್ಮ ಕಡೆ ಇದಕ್ಕೆ "ಗಾಳಿ ಸೋಕಿದೆ" ಅಂತ ನಿಂಬೆಹಣ್ಣು ಕೊಯ್ಯಿಸಲು ಕರೆದುಕೊಂಡು ಹೋಗುವವರು ಇವತ್ತಿಗೂ ಇದ್ದಾರೆ. ಆಸ್ಪತ್ರೆಯಲ್ಲಾದರೆ ನಡುಕ ಇಳಿಸುವ ಮಾತ್ರೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ, ಬಿ-1 ವಿಟಮಿನ್ ಇಂಜೆಕ್ಷನ್ ಕೊಡುತ್ತಾ ಒಂದು ವಾರ ಹತ್ತು ದಿನದಲ್ಲಿ ದಾಟಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ಅಷ್ಟು ದೂರ ಆಗದವರಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ. "ಹುಚ್ಚಿನ ಡಾಕ್ಟರ ಹತ್ರ ಯಾಕೆ?" ಅಂತ ಅಕ್ಕ ಕೇಳಿದರು. ಲಿವರಿಗೆ ಹೊಟ್ಟೆಯ ಡಾಕ್ಟರು ಇದ್ದಾರೆ. ಕೈ ಬಾಟಲಿಯ ಕಡೆ ಹೋಗುವುದನ್ನು ನೋಡಿಕೊಳ್ಳುವವರು ಇವರೇ ಅಂದೆ.

ಡಾಕ್ಟರ ಕೆಲಸ ಮುಗಿದ ಮೇಲಿನ ಸಂಜೆಗಳೇ ಕಷ್ಟ. ಅಣ್ಣ ಆಸ್ಪತ್ರೆಯಿಂದ ಬಂದಾಗ ಮುಖ ತುಂಬಿಕೊಂಡಿತ್ತು, ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು. ಇನ್ನೇನು ಸರಿಹೋಯಿತು ಅಂತ ಮನೆಯವರೆಲ್ಲ ನಂಬಿದೆವು. ಆಸ್ಪತ್ರೆಯವರು ಮೈಯೊಳಗಿದ್ದದ್ದನ್ನು ಹೊರಗೆ ಹಾಕಿದ್ದರು, ಅಷ್ಟೇ. ಸಂಜೆ ಆರೂವರೆಗೆ ಬಸ್ ಇಳಿದ ಕಡೆಯೇ ಬಾರು, ಬಾರಿನ ಮುಂದೆ ಅವೇ ಸ್ನೇಹಿತರು, "ಏನ್ ಗುರು, ಒಂದೇ ಒಂದು" ಅನ್ನುವ ಅದೇ ಮಾತು. ಇದಕ್ಕೆ ಆಸ್ಪತ್ರೆ ಏನು ಮಾಡೀತು? ಅಲ್ಲಿಂದ ಬಂದವರು ಮತ್ತೆ ಅಲ್ಲಿಗೇ ಹೋಗುವುದು ಹೀಗೆ.

"ಮಾಲೆ ಹಾಕ್ದಾಗ ಬಿಟ್ಟೇಬಿಡ್ತಾನಮ್ಮ" ಅಂದರು ಅಕ್ಕ. "ಒಂದು ಹನಿ ಮುಟ್ಟಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಗೇ ಶುರು."

ಈ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ! ಮಂಡಲ ಪೂರ್ತಿ ಬಿಟ್ಟವನು ಆಮೇಲೆ ಯಾಕೆ ಬಿಡಲಾರ, ಬೇಕೂಂತಲೇ ಮಾಡ್ತಾನೆ, ಅಂತ ಮನೆಯವರು ಇನ್ನಷ್ಟು ನೊಂದುಕೊಳ್ಳುತ್ತಾರೆ. ನಾನು ಅಕ್ಕನಿಗೆ ಆ ದಿನಗಳಲ್ಲಿ ಅವನ ಸಂಜೆ ಹೇಗಿರುತ್ತದೆ ನೆನಪಿಸಿಕೊಳ್ಳಿ ಅಂದೆ. ಬೆಳಗಿನ ಜಾವ ತಣ್ಣೀರು, ಕಪ್ಪು ಪಂಚೆ, ಸಂಜೆಯಾದರೆ ಸನ್ನಿಧಾನದಲ್ಲಿ ಭಜನೆ. ಇಪ್ಪತ್ತು ಮೂವತ್ತು ಜನ ಸ್ವಾಮಿಗಳು, ಎಲ್ಲರದೂ ಅದೇ ವ್ರತ. ಹಿಂದೆ ಹತ್ತು ಹದಿನೆಂಟು ಸಲ ಹೋಗಿಬಂದ ಗುರುಸ್ವಾಮಿ ಒಬ್ಬರು. ಮನಸ್ಸು ಎತ್ತೆತ್ತಲೋ ಹೋದರೆ ಅವರಿಗೆ ಹೇಳಿಕೊಳ್ಳಬಹುದು. ಬಾರಿನ ಸ್ನೇಹಿತರೂ ಮಾಲೆ ಕಂಡು ದೂರ ನಿಲ್ಲುತ್ತಾರೆ. ದೇವರ ಭಯ ಇತ್ತು, ನಿಜ. ಅದರ ಜೊತೆಗೆ ಪ್ರತಿ ಸಂಜೆ ಸೇರುವ ಜನವೂ ಇದ್ದರು. ಮಾಲೆ ತೆಗೆದ ದಿನ ದೇವರು ಎಲ್ಲಿಗೂ ಹೋಗಲಿಲ್ಲ. ಆ ಜನ ಚದುರಿಹೋದರು. ಭಾನುವಾರದ ಸಭೆ ಅನ್ನುವುದು ಮಾಲೆ ತೆಗೆದ ಮೇಲೂ ಮುಂದುವರಿಯುವ ಆ ಕೂಟ. ಗುರುಸ್ವಾಮಿಯ ಜಾಗದಲ್ಲಿ ಇಲ್ಲಿ ಸ್ಪಾನ್ಸರ್ ಇರುತ್ತಾರೆ. ಕೆಲವು ವರ್ಷಗಳಿಂದ ಬಿಟ್ಟಿರುವ ಹಳಬರೊಬ್ಬರು, ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಎತ್ತುವವರು. ಅಕ್ಕನಿಗೆ ಸಭೆ ಅರ್ಥವಾದದ್ದು ಇಲ್ಲಿ.

ಈ ಕೂಟ ಶುರುವಾದ ಕಥೆ ನನಗೆ ಬಹಳ ಇಷ್ಟ, ಯಾರು ಸಿಕ್ಕರೂ ಹೇಳುತ್ತೇನೆ. 1935ರ ಮೇ ತಿಂಗಳು, ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಎಂಬ ಊರು. ನ್ಯೂಯಾರ್ಕಿನಿಂದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವನು ಕೆಲಸದ ಮೇಲೆ ಅಲ್ಲಿಗೆ ಬಂದಿದ್ದ. ಕುಡಿತದಿಂದ ಬದುಕು ಹಾಳುಮಾಡಿಕೊಂಡು, ಬಿಟ್ಟು ಐದು ತಿಂಗಳಾಗಿತ್ತು ಅಷ್ಟೇ. ಬಂದ ಕೆಲಸ ಕೈಕೊಟ್ಟಿತು. ಪರ ಊರು, ಕೈಯಲ್ಲಿ ಕಾಸಿಲ್ಲ, ಶನಿವಾರದ ಸಂಜೆ. ಹೋಟೆಲಿನ ಹಜಾರದ ಒಂದು ಕಡೆ ಬಾರು, ಒಳಗಿಂದ ನಗು, ಮಾತು. ಇನ್ನೊಂದು ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಅವನು ಪಟ್ಟಿ ಹಿಡಿದು ಫೋನ್ ಮಾಡತೊಡಗಿದ. ಕೇಳಿದ್ದು ಒಂದೇ: ಈ ಊರಲ್ಲಿ ಕುಡಿತ ಬಿಡಲಾಗದೆ ಒದ್ದಾಡುತ್ತಿರುವ ಇನ್ನೊಬ್ಬರು ಯಾರಾದರೂ ಇದ್ದಾರಾ, ನಾನು ಅವರ ಜೊತೆ ಮಾತಾಡಬೇಕು. ಹೀಗೆ ಕೈಯಿಂದ ಕೈಗೆ ಹೋಗಿ, ಮಾರನೆಯ ದಿನ ಡಾ. ಬಾಬ್ ಸ್ಮಿತ್ ಎಂಬ ಸರ್ಜನ್ ಸಿಕ್ಕರು. ಹದಿನೈದು ನಿಮಿಷ ಮಾತ್ರ ಕೂರುತ್ತೇನೆ ಅಂತ ಹೆಂಡತಿಗೆ ಹೇಳಿ ಬಂದಿದ್ದ ಡಾಕ್ಟರು ಎದ್ದದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ.

ಡಾ. ಬಾಬ್‌ಗೆ ಕುಡಿತ ಕೆಟ್ಟದ್ದು ಅಂತ ಗೊತ್ತಿರಲಿಲ್ಲವೇ? ಅವರು ಸ್ವತಃ ವೈದ್ಯರು. ಹೇಳಿದವರು ಎಷ್ಟೋ ಜನ. ಈ ಮನುಷ್ಯ ಉಪದೇಶ ಮಾಡಲಿಲ್ಲ, ತನ್ನ ಕಥೆ ಹೇಳಿಕೊಂಡ. ಆಮೇಲೂ ಡಾಕ್ಟರು ಒಂದು ಸಮ್ಮೇಳನಕ್ಕೆ ಹೋದವರು ಮತ್ತೆ ಕುಡಿದು ಬಂದರು. ಅವರ ಕೊನೆಯ ಕುಡಿತ 1935ರ ಜೂನ್ 10ರಂದು. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ತನ್ನ ಹುಟ್ಟಿದ ದಿನ ಎಂದು ಎಣಿಸುತ್ತದೆ. ಡಾಕ್ಟರು 1950ರಲ್ಲಿ, ಬಿಲ್ 1971ರಲ್ಲಿ ತೀರಿಕೊಂಡರು. ಇಬ್ಬರೂ ಕಡೆಯವರೆಗೆ ಮುಟ್ಟಲಿಲ್ಲ. 1957ರಲ್ಲಿ ಈ ಎಎ ನಮ್ಮ ದೇಶಕ್ಕೂ ಬಂತು. ಇವತ್ತು ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಸಭೆಗಳು ನಡೆಯುತ್ತವೆ.

ಬಿಲ್ ಫೋನ್ ಮಾಡಿದ್ದು ಯಾರನ್ನೋ ಉದ್ಧಾರ ಮಾಡಲು ಅಲ್ಲ, ತಾನು ಆ ಬಾರಿನ ಬಾಗಿಲು ದಾಟದೇ ಇರಲು. ಅಣ್ಣನೂ ಅದನ್ನೇ ಹೇಳುತ್ತಾನೆ. "ಹೊಸಬ ಬಂದರೆ ಅವನಿಗಿಂತ ನನಗೇ ಹೆಚ್ಚು ಉಪಯೋಗ. ಅವನ ಕೈ ನಡುಕ ನೋಡಿದರೆ ನನ್ನ ಕೈ ನೆನಪಾಗುತ್ತೆ."

ಇನ್ನು ಸಭೆ. ಸಭೆಗಳಲ್ಲಿ ಎರಡು ಬಗೆ ಇವೆ. ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ ಇರುವುದು ಕ್ಲೋಸ್ಡ್ ಮೀಟಿಂಗ್, ಮನೆಯವರೂ ತಿಳಿಯಬಯಸುವವರೂ ಬರಬಹುದಾದದ್ದು ಓಪನ್ ಮೀಟಿಂಗ್. ಅಣ್ಣನ ಜೊತೆ ನಾನು ಹೋದದ್ದು ಓಪನ್ ಮೀಟಿಂಗಿಗೆ. ಒಂದು ಶಾಲೆಯ ಕೋಣೆ. ಬೋರ್ಡಿನ ಮೂಲೆಯಲ್ಲಿ ಶುಕ್ರವಾರದ ತಾರೀಖು, ಹಾಜರಿ ಸಂಖ್ಯೆ ಅಳಿಸದೆ ಉಳಿದಿತ್ತು. ಬೆಂಚುಗಳು ಮೂರನೇ ಕ್ಲಾಸಿನ ಮಕ್ಕಳ ಅಳತೆಯವು, ದೊಡ್ಡವರು ಮಂಡಿ ಓರೆ ಮಾಡಿಕೊಂಡು ಕೂತಿದ್ದರು. ಕಿಟಕಿಯ ಸರಳಿಗೆ ಹುರಿಯಿಂದ ಎರಡು ಬಟ್ಟೆಯ ಪಟ್ಟಿಗಳನ್ನು ಕಟ್ಟಿದ್ದರು, ಒಂದರಲ್ಲಿ ಹನ್ನೆರಡು ಹೆಜ್ಜೆಗಳು, ಇನ್ನೊಂದರಲ್ಲಿ ಹನ್ನೆರಡು ಸಂಪ್ರದಾಯಗಳು. ಇಸ್ತ್ರಿ ಅಂಗಿಯವರಿದ್ದರು, ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದವರಿದ್ದರು, ಚಪ್ಪಲಿ ಬಾಗಿಲಲ್ಲಿ ಬಿಟ್ಟು ಮುದುರಿ ಕೂತ ಒಬ್ಬ ಹುಡುಗ ಇದ್ದ. ಯಾರೂ ಯಾರ ಊರು, ಜಾತಿ, ಕೆಲಸ ಕೇಳಲಿಲ್ಲ. ರಿಜಿಸ್ಟರಿನಲ್ಲಿ ಹೆಸರು ಬರೆಸಲಿಲ್ಲ.

ಒಬ್ಬರು ಎದ್ದು ಒಂದು ಪುಟ ಓದಿದರು. ಸೇರುವುದಕ್ಕೆ ಇರಬೇಕಾದ ಅರ್ಹತೆ ಒಂದೇ, ಕುಡಿತ ಬಿಡಬೇಕೆಂಬ ಆಸೆ. ಫೀಸಿಲ್ಲ, ಯಾವ ಧರ್ಮ ಪಕ್ಷ ಸಂಸ್ಥೆಗೂ ಸೇರಿದ್ದಲ್ಲ ಅಂತ. ಆಮೇಲೆ ಸರದಿಯಂತೆ ಶೇರಿಂಗ್. ಹೆಸರು ಹೇಳಿ, "ನಾನೊಬ್ಬ ಆಲ್ಕೊಹಾಲಿಕ್" ಅಂದರೆ ಎಲ್ಲರೂ ಒಟ್ಟಿಗೆ ಅವನ ಹೆಸರು ಹಿಡಿದು ನಮಸ್ಕಾರ ಅನ್ನುತ್ತಾರೆ. ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವಂತಿಲ್ಲ, ಮುಗಿದ ಮೇಲೆ ಬುದ್ಧಿ ಹೇಳುವಂತಿಲ್ಲ. ನಮ್ಮ ದೇಶದಲ್ಲಿ ಒಬ್ಬ ಕುಡುಕನ ಮಾತನ್ನು ಹತ್ತು ನಿಮಿಷ ಯಾರೂ ತಡೆಯದೆ ಕೇಳುವ ಜಾಗ ಬೇರೆ ಎಲ್ಲಿದೆ?

ಅಣ್ಣನ ಸರದಿ ಬಂತು. ತುಳಸಿಕಟ್ಟೆಯ ಹಿಂದೆ ಕ್ವಾರ್ಟರ್ ಬಾಟಲಿ ಬಚ್ಚಿಡುತ್ತಿದ್ದೆ ಅಂದ. ಒಂದು ಸಂಜೆ ಅಮ್ಮ ದೀಪ ಹಚ್ಚಲು ಹೋದಾಗ ಅದು ಅವಳ ಕೈಗೆ ಸಿಕ್ಕಿತಂತೆ. ಅವನು ಕಿಟಕಿಯಿಂದ ನೋಡುತ್ತಿದ್ದ. ಅಮ್ಮ ಅದನ್ನು ಎತ್ತಿ, ಎಲ್ಲಿತ್ತೋ ಅಲ್ಲೇ ಇಟ್ಟು, ದೀಪ ಹಚ್ಚಿ, ಪ್ರದಕ್ಷಿಣೆ ಹಾಕಿ ಒಳಗೆ ಬಂದು ಅವನಿಗೆ ಊಟಕ್ಕೆ ಬಡಿಸಿದಳು. ಒಂದು ಮಾತೂ ಆಡಲಿಲ್ಲ. "ಅವತ್ತು ಬೈದಿದ್ದರೆ ತಡಕೊಳ್ತಿದ್ದೆ" ಅಂದ. ಅಮ್ಮ ಹೋಗಿ ವರ್ಷಗಳಾಗಿವೆ. ಈ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಾನು ಮೊದಲ ಸಲ ಕೇಳಿದ್ದು ಆ ಚಿಕ್ಕ ಬೆಂಚಿನ ಮೇಲೆ ಕೂತು. ಎದುರಿಗಿದ್ದವರೊಬ್ಬರು ಮೆಲ್ಲಗೆ "ನಾನು ಅಕ್ಕಿ ಡ್ರಮ್ಮಿನಲ್ಲಿ" ಅಂದರು. ಆ ಮುದುರಿ ಕೂತ ಹುಡುಗ ತಲೆಯೆತ್ತಿ ಅಣ್ಣನ ಮುಖ ನೋಡಿದ. ಮನೆಯಲ್ಲಿ ನಾವು ಇಪ್ಪತ್ತು ವರ್ಷ ಹೇಳಿದ ಬುದ್ಧಿಮಾತು ಯಾಕೆ ತಟ್ಟಲಿಲ್ಲ, ಈ ಬೆಂಚುಗಳು ಹೇಗೆ ತಟ್ಟಿದವು ಅನ್ನುವುದು ಆಗ ನನಗೆ ಹೊಳೆಯಿತು. ನಾವು ಅವನಿಗಿಂತ ಎತ್ತರದಲ್ಲಿ ನಿಂತು ಹೇಳುತ್ತಿದ್ದೆವು. ಇಲ್ಲಿ ಅಂಥ ಎತ್ತರ ಯಾರಿಗೂ ಇರಲಿಲ್ಲ.

ಕೊನೆಗೆ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಬರುತ್ತದೆ. ಇದ್ದವರು ಹತ್ತು ಇಪ್ಪತ್ತು ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ದಾಟಿಸುತ್ತಾರೆ. ಕೋಣೆಯ ಬಾಡಿಗೆ, ಟೀ, ಪುಸ್ತಕ ಎಲ್ಲ ಅದರಲ್ಲೇ. ಹೊರಗಿನವರ ದೇಣಿಗೆಯನ್ನು ಇವರು ಮುಟ್ಟುವುದಿಲ್ಲ.

ಅಕ್ಕನಿಗೆ ಇನ್ನೊಂದು ಅಳುಕು ಇತ್ತು. "ಅದು ಚರ್ಚಿನವರದ್ದಂತೆ, ಮತಾಂತರ ಗಿತಾಂತರ..." ಅಂತ ರಾಗ ಎಳೆದರು. ಎಷ್ಟೋ ಕಡೆ ಚರ್ಚಿನ ಹಾಲ್ ಕಡಿಮೆ ಬಾಡಿಗೆಗೆ ಸಿಗುತ್ತದೆ, ಸಭೆ ಅಲ್ಲಿ ನಡೆಯುತ್ತದೆ, ಅಷ್ಟೇ. ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ಅವರವರು ತಿಳಿದ ಹಾಗಿನ ದೇವರು ಅಂತಲೇ ಅಲ್ಲಿ ಬರೆದಿದೆ. ಅಣ್ಣ ಬೆಳಿಗ್ಗೆ ಆಂಜನೇಯನ ಗುಡಿಗೆ ಹೋಗಿ ಸಂಜೆ ಸಭೆಗೆ ಹೋಗುತ್ತಾನೆ. ದೇವರನ್ನೇ ಒಪ್ಪದವರೂ ಅವನ ಪಕ್ಕದಲ್ಲಿ ಕೂರುತ್ತಾರೆ.

ಹಳ್ಳಿ ಕಡೆಯವರಿಗೆ ಎಎ ಹತ್ತಿರದಲ್ಲಿ ಸಿಗದಿರಬಹುದು. ಅಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಮೂಲಕ ಮದ್ಯವರ್ಜನ ಶಿಬಿರಗಳನ್ನು ಮಾಡುತ್ತಾರೆ. ಊರಿನ ಕಲ್ಯಾಣಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ಅಲ್ಲೇ ಊಟ, ಅಲ್ಲೇ ವಾಸ, ಬೆಳಿಗ್ಗೆ ಯೋಗ, ಸಂಜೆ ಭಜನೆ, ನಡುವೆ ಆಪ್ತಸಲಹೆ, ಮನೆಯವರನ್ನು ಕರೆಸುವ ಒಂದು ದಿನ. ಎಲ್ಲರಿಗೂ ಶಿಬಿರ ಗೊತ್ತು. ಶಿಬಿರ ಮುಗಿದವರು ವಾರವಾರ ಸೇರಲಿ ಅಂತ ನವಜೀವನ ಸಮಿತಿಗಳಿವೆ ಅನ್ನುವುದು ಅಷ್ಟು ಜನರಿಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಆ ಸಮಿತಿಯೇ ಶಿಬಿರದ ಅರ್ಧ ಭಾಗ. ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಸಮಿತಿಗೆ ಹೋಗುವುದನ್ನು ನಿಲ್ಲಿಸಿದವರು ಮತ್ತೆ ಜಾರಿದ್ದನ್ನು ನಮ್ಮ ತವರೂರಿನಲ್ಲೇ ನೋಡಿದ್ದೇನೆ. ಬಿಡದೆ ಹೋಗುವವರು ಈಗ ಬೇರೆಯವರನ್ನು ಕರೆತರುತ್ತಾರೆ. ಉತ್ತರ ಕರ್ನಾಟಕದವರಿಗೆ ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳ ಜೋಳಿಗೆ ನೆನಪಿರುತ್ತದೆ. ಮನೆಮನೆಗೆ ಹೋಗಿ, ಅಕ್ಕಿ ಜೋಳ ಬೇಡ, ನಿಮ್ಮ ಚಟ ಹಾಕಿ ಅಂತ ಬೇಡಿದವರು ಅವರು. ಅವರ ಹುಟ್ಟಿದ ದಿನ, ಆಗಸ್ಟ್ 1, ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಕೂತು ಮಾತಾಡಿದರೆ ಕುಡಿತ ಹೋಗುತ್ತದಾ, ಅದಕ್ಕೆ ಲೆಕ್ಕ ಏನಾದರೂ ಇದೆಯಾ ಅಂತ ಕೇಳುವವರು ಇದ್ದಾರೆ. ಕೇಳಲೇಬೇಕು. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ವಿವರಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿತು. ರೋಗಿಗಳನ್ನು ಕ್ರಮಬದ್ಧವಾಗಿ ಎಎಗೆ ಜೋಡಿಸುವ ಚಿಕಿತ್ಸೆ, ಪೂರ್ತಿ ಬಿಟ್ಟಿರುವ ವಿಷಯದಲ್ಲಿ, ಹೆಸರುವಾಸಿಯಾದ ಬೇರೆ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿತ್ತು. ಎಲ್ಲರಿಗೂ ಹಿಡಿಯುತ್ತದೆ ಅಂತ ಇದರ ಅರ್ಥ ಅಲ್ಲ. ಕೆಲವರಿಗೆ ಮಾತ್ರೆಯೂ ಬೇಕು, ಕೆಲವರಿಗೆ ಖಿನ್ನತೆಗೆ ಬೇರೆ ಚಿಕಿತ್ಸೆ ಬೇಕು. ಸಭೆಗೆ ಹೋಗುತ್ತೇನೆ ಅಂತ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸುವುದು ತಪ್ಪು.

ನಮ್ಮ ದೇಶದ ಸಂಗತಿ ಇನ್ನೊಂದಿದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ 38 ಜನರಿಗೆ ಒಬ್ಬರು ಮಾತ್ರ ಯಾವುದಾದರೂ ಒಂದು ಬಗೆಯ ಚಿಕಿತ್ಸೆ ಪಡೆದಿದ್ದಾರೆ. ಮಿಕ್ಕ 37 ಮನೆಗಳವರು ಏನು ಮಾಡುತ್ತಿದ್ದಾರೆ? ಅಕ್ಕನ ಹಾಗೆ ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ "ಕುಡುಕರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಅನ್ನುವ ನಂಬರಿಗೆ ಫೋನ್ ಮಾಡುತ್ತಿದ್ದಾರೆ. ಅಕ್ಕ ಅಲ್ಲಿಂದ ತರಿಸಿದ ಪುಡಿಯನ್ನು ಹುಳಿಯಲ್ಲಿ ಕಲಸಿ ಮಗನಿಗೆ ಬಡಿಸಿದ್ದರು. ಏನು ಪುಡಿ ಅದು, ದೇವರಿಗೇ ಗೊತ್ತು. ಕುಡಿದರೆ ಮೈಗೆ ಆಗದ ಹಾಗೆ ಮಾಡುವ ಡೈಸಲ್ಫಿರಾಂ ಎಂಬ ಮಾತ್ರೆ ನಿಜವಾಗಿ ಇದೆ. ಡಾಕ್ಟರು ಅದನ್ನು ರೋಗಿಗೆ ವಿವರಿಸಿ, ಅವನು ಒಪ್ಪಿದ ಮೇಲೆ ಕೊಡುತ್ತಾರೆ. ಅವನಿಗೆ ಗೊತ್ತಿಲ್ಲದೆ ಊಟದಲ್ಲಿ ಹಾಕಿ, ಅವನು ಎಂದಿನಂತೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿ.ಪಿ. ಕುಸಿದು ಜೀವಕ್ಕೇ ಕುತ್ತು ಬರಬಹುದು. ದಯವಿಟ್ಟು ಯಾರೂ ಈ ಕೆಲಸ ಮಾಡಬೇಡಿ. ಬೀಗ ಹಾಕಿ ಹೊಡೆಯುವ ಕೇಂದ್ರಗಳಿಗೂ ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತಕ್ಕೆ ಸಂಬಂಧಿಸಿದ ಕಾಯಿಲೆಯನ್ನೂ ಒಳಗೊಂಡಿದೆ. ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿ ಆಗಿರಲೇಬೇಕು. ನೋಂದಣಿ ಪತ್ರ ತೋರಿಸಿ ಅಂತ ಕೇಳುವುದು ನಿಮ್ಮ ಹಕ್ಕು.

ಸಭೆ ಸಿಗುವುದೇ ಕಷ್ಟ ಅಂತ ಅಕ್ಕ ಅಂದದ್ದು ಸರಿಯೇ. ಎಎಯವರು ಜಾಹೀರಾತು ಕೊಡುವುದಿಲ್ಲ, ರಸ್ತೆಗೆ ಕಾಣುವ ಹಾಗೆ ದೊಡ್ಡ ಬೋರ್ಡು ಹಾಕುವುದಿಲ್ಲ. ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಬೇಕು. ಸಭೆ ಎಲ್ಲಿ, ಯಾವ ವಾರ, ಯಾವ ಭಾಷೆಯಲ್ಲಿ ಅಂತ ಅಲ್ಲಿನ ಸಮಾಜ ಕಾರ್ಯಕರ್ತರಿಗೆ ಗೊತ್ತಿರುತ್ತದೆ. ಹೋಗುವ ಮುಂಚೆ ಅಲ್ಲಿನ ಸದಸ್ಯರೊಬ್ಬರಿಗೆ ಫೋನ್ ಮಾಡಿದರೆ ಬಾಗಿಲಲ್ಲಿ ಬಂದು ನಿಂತಿರುತ್ತಾರೆ. ಇದು ಸಣ್ಣ ವಿಷಯ ಅಲ್ಲ. ಎಷ್ಟೋ ಜನ ಗೇಟಿನವರೆಗೆ ಬಂದು, ಯಾರಾದರೂ ನೋಡಿಯಾರು ಅಂತ ಒಂದು ಸುತ್ತು ಹಾಕಿ ಹಿಂದಕ್ಕೆ ಹೋಗುತ್ತಾರೆ. ಒಂದು ಗುಂಪು ಮನಸ್ಸಿಗೆ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ ನೋಡಬೇಕು. ಒಂದೇ ಸಭೆಗೆ ತೀರ್ಪು ಕೊಡಬಾರದು. ಕೋವಿಡ್ ಕಾಲದಿಂದ ಫೋನಿನಲ್ಲೇ ಸೇರುವ ಸಭೆಗಳೂ ನಡೆಯುತ್ತಿವೆ. ಹೆಣ್ಣುಮಕ್ಕಳಿಗೆ ಅವು ವರ. 2019ರ ಆ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕುಡಿಯುವ ಗಂಡಸರು ನೂರಕ್ಕೆ 27.3, ಹೆಂಗಸರು 1.6. ಸಂಖ್ಯೆ ಸಣ್ಣದಾದಷ್ಟೂ ಬಚ್ಚಿಡುವ ಕಷ್ಟ ದೊಡ್ಡದು. ಗಂಡಸು ಬಿಟ್ಟರೆ ಹಾರ ಹಾಕುತ್ತಾರೆ. ಹೆಂಗಸು ಬಿಡುತ್ತೇನೆ ಅಂತ ಬಾಯಿಬಿಟ್ಟರೆ, ಕುಡೀತಿದ್ದಳಾ ಅಂತ ಬೀದಿಯೇ ಕೇಳುತ್ತದೆ. ಇದು ಅನ್ಯಾಯ. ನಮ್ಮ ಬೀದಿಯ ಹೆಂಗಸರೇ ಇದನ್ನು ನಿಲ್ಲಿಸಬೇಕು.

ಸ್ಲಿಪ್ ಆಗುತ್ತದೆ, ಅಂದರೆ ಬಿಟ್ಟವರೂ ಮತ್ತೆ ಜಾರುತ್ತಾರೆ ಅನ್ನುವುದನ್ನೂ ಮನೆಯವರು ತಿಳಿದಿರಬೇಕು. ಅಣ್ಣನಿಗೂ ಆಯಿತು, ಒಂದು ಗೃಹಪ್ರವೇಶದ ರಾತ್ರಿ. ಮುಂದಿನ ಭಾನುವಾರ ಅವನು ಹೋಗಲು ಒಪ್ಪಲಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ಕೂತ. ಸ್ಪಾನ್ಸರ್ ಸ್ಕೂಟರಿನಲ್ಲಿ ಮನೆಗೇ ಬಂದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಹೆಲ್ಮೆಟ್ ಎಲ್ಲಿದೆ?" ಅಂದರು. ಹಿಂದೆ ಕೂರಿಸಿಕೊಂಡು ಹೋದರು. ಆ ಮನುಷ್ಯನನ್ನು ನಾನು ದಿನಾ ದೀಪ ಹಚ್ಚುವಾಗ ನೆನೆಯುತ್ತೇನೆ.

ಅಕ್ಕ ಕಡೆಗೆ ಕೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. "ಅವನು ಬರಲ್ಲ ಅಂದ್ರೆ?" ಅವನು ಬಾರದಿದ್ದರೆ ನೀವು ಬನ್ನಿ ಅಂದೆ. ಕುಡಿಯುವವರ ಮನೆಯವರಿಗೆಂದೇ ಆಲ್-ಅನಾನ್ ಅಂತ ಬೇರೆ ಕೂಟ ಇದೆ, 1951ರಲ್ಲಿ ಬಿಲ್ ವಿಲ್ಸನ್‌ನ ಹೆಂಡತಿ ಲೋಯಿಸ್ ಕಟ್ಟಿದ್ದು. ಬಾಟಲಿ ಎಣಿಸುವುದು, ಜೇಬು ತಡಕುವುದು, ಆಫೀಸಿಗೆ ಫೋನ್ ಮಾಡಿ ಜ್ವರ ಅಂತ ಸುಳ್ಳು ಹೇಳುವುದು, ಸಾಲ ತೀರಿಸುವುದು, ರಾತ್ರಿಯೆಲ್ಲ ಗೇಟಿನ ಸದ್ದಿಗೆ ಕಿವಿಯಾಗಿ ಮಲಗುವುದು, ಇವೆಲ್ಲ ಮಾಡಿ ಮಾಡಿ ಮನೆಯವರೂ ಕಾಯಿಲೆ ಬೀಳುತ್ತಾರೆ. ಆ ಕಾಯಿಲೆಗೆ ಅಲ್ಲಿ ಜಾಗ ಇದೆ. ಅವನ ಕುಡಿತಕ್ಕೆ ನೀವು ಕಾರಣರಲ್ಲ ಅನ್ನುವ ಮಾತನ್ನು ಅಕ್ಕ ತಾಯಿಯಾಗಿ ಇಷ್ಟು ವರ್ಷದಲ್ಲಿ ಒಬ್ಬರ ಬಾಯಿಂದಲೂ ಕೇಳಿರಲಿಲ್ಲ.

ಅಕ್ಕನ ಮಗ ಇನ್ನೂ ಸಭೆಗೆ ಹೋಗಿಲ್ಲ. ಅಕ್ಕ ಹೋಗುತ್ತಿದ್ದಾರೆ. ಪುಡಿ ಕಲಸುವುದನ್ನು ನಿಲ್ಲಿಸಿದ್ದಾರೆ, ಅವನ ಸಾಲಕ್ಕೆ ಇನ್ನು ಒಡವೆ ಇಡುವುದಿಲ್ಲ ಅಂತ ಅವನಿಗೇ ಹೇಳಿದ್ದಾರೆ.

ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಒಂದು ಸಭೆಯ ಜಾಗ, ಹೊತ್ತು ಗೊತ್ತಿದ್ದರೆ ಪಕ್ಕದ ಮನೆಯವರಿಗೆ ಹೇಳಿ. ಬರುವವರ ಹೆಸರು ಹೇಳಬೇಡಿ, ಜಾಗ ಹೇಳಿ. ಗೊತ್ತಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ. ವ್ಯಸನಮುಕ್ತಿಗೆಂದೇ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ. ಕುಡಿಯುವವರೇ ಮಾಡಬೇಕೆಂದೇನೂ ಇಲ್ಲ, ಮನೆಯವರೂ ಮಾಡಬಹುದು.